ಮೂರು ಲಕ್ಷದ ಹೆಡ್‌ಸೆಟ್: ಯಾರ ಮನೆಗೆ, ಯಾರ ಕೆಲಸಕ್ಕೆ?

ಪುಣೆಯ ಯೆರವಡಾದಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ಐ.ಟಿ. ಪಾರ್ಕುಗಳು ಎದ್ದು ನಿಂತಿವೆ. ಇಲ್ಲಿನ ಕಾಮರ್‌ಝೋನ್ ಆವರಣದಲ್ಲಿ ಎನ್‌ವಿಡಿಯಾದ ಕಚೇರಿಯಿದೆ. ಪರದೆಯ ಮೇಲೆ ಮೂರು ಆಯಾಮದ ಚಿತ್ರ ಮೂಡಿಸುವ ಚಿಪ್‌ಗಳಿಂದ ಹೆಸರಾದ ಕಂಪನಿ ಅದು. ದೂರದ ಸರ್ವರ್‌ನಲ್ಲಿ ತಯಾರಾದ ದೃಶ್ಯವನ್ನು ತಲೆಗೆ ಧರಿಸಿದ ಹೆಡ್‌ಸೆಟ್‌ಗೆ ಹರಿಸುವ ಕ್ಲೌಡ್‌ಎಕ್ಸ್‌ಆರ್ ಎಂಬ ತಂತ್ರಾಂಶವೂ ಅದರದೇ. ಈ ಪಾರ್ಕುಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗ ಎಂಜಿನಿಯರುಗಳಿದ್ದಾರೆ. ಪುಣೆಯ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತವರಲ್ಲಿ ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ದುಡಿಯಲು ಬಂದವರೂ ಇದ್ದಾರೆ. ಒಂದೇ ಪ್ರದೇಶದಿಂದ ಬಂದ ಈ ಎರಡು ಬಗೆಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಈ ಲೇಖನ ಬರೆಯುತ್ತಿದ್ದೇನೆ.

ಬೋನಸ್ ಬರುವ ತಿಂಗಳಲ್ಲಿ ಎಂಜಿನಿಯರುಗಳ ನಡುವೆ ಒಂದು ಪ್ರಶ್ನೆ ಸುಳಿದಾಡುತ್ತದೆ. "ಅಮೆರಿಕಾದಿಂದ ತಮ್ಮ ಬರಾಕತ್ಯಾನ, ಒಂದು ವಿಷನ್ ಪ್ರೊ ತರಸೋಣೇನ್ರಿ?" ವಿಷನ್ ಪ್ರೊ ಎಂದರೆ ಆಪಲ್ ಕಂಪನಿಯ, ಸುಮಾರು ಮೂರು ಲಕ್ಷ ರೂಪಾಯಿಯ ಹೆಡ್‌ಸೆಟ್. ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಮೂರು ಲಕ್ಷ ರೂಪಾಯಿ ಎಂದರೆ ಮಧ್ಯಮ ವರ್ಗದ ಮನೆಯಲ್ಲಿ ಮಗುವಿನ ಕಾಲೇಜು ಫೀ, ಊರಿನ ಮನೆಗೊಂದು ಹೊಸ ಮಾಳಿಗೆ, ಅಪ್ಪನ ಕಣ್ಣಿನ ಆಪರೇಷನ್. ಆದ್ದರಿಂದ ಈ ಪ್ರಶ್ನೆಗೆ ಜಾಹೀರಾತಿನ ಉತ್ತರ ಸಾಲದು. ಈ ಯಂತ್ರ ಏನು ಮಾಡುತ್ತದೆ, ಎಷ್ಟು ದಿನ ಬಾಳುತ್ತದೆ, ಯಾರ ಕೈಯಲ್ಲಿದ್ದರೆ ತನ್ನ ಬೆಲೆಯನ್ನು ತೀರಿಸುತ್ತದೆ ಎಂದು ಒಂದೊಂದಾಗಿ ನೋಡಬೇಕು.

ಏನಿದು ಮಿಶ್ರ ವಾಸ್ತವ?

ತಲೆಗೆ ಕಟ್ಟಿಕೊಳ್ಳುವ ಪರದೆಯ ಕಲ್ಪನೆ ಹೊಸದಲ್ಲ. 1968ರಲ್ಲೇ ಅಮೆರಿಕದ ಐವನ್ ಸದರ್ಲೆಂಡ್ ಅಂಥದೊಂದು ಉಪಕರಣ ಮಾಡಿದ್ದರು. ತಲೆ ಅದರ ಭಾರ ತಾಳಲಾರದೆಂದು ಅದನ್ನು ಛಾವಣಿಗೆ ತೂಗುಹಾಕಬೇಕಾಗಿತ್ತು. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಒಂದು ಪ್ರಬಂಧದಲ್ಲಿ ಒಂದು ಅಳತೆಗೋಲನ್ನು ಮುಂದಿಟ್ಟರು. ಅದರ ಒಂದು ತುದಿಯಲ್ಲಿ ನಮ್ಮ ಕಣ್ಣೆದುರಿನ ನಿಜ ಲೋಕ, ಇನ್ನೊಂದು ತುದಿಯಲ್ಲಿ ಪೂರ್ತಿ ಕಂಪ್ಯೂಟರ್ ಕಟ್ಟಿದ ಲೋಕ. ಇವೆರಡರ ನಡುವೆ, ನಿಜವೂ ಕಟ್ಟಿದ್ದೂ ಬೆರೆತಿರುವ ಹರಹೇ ಮಿಶ್ರ ವಾಸ್ತವ.

ಇಂದಿನ ಉಪಕರಣಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪಾರದರ್ಶಕ ಗಾಜಿನ ಮೂಲಕ ನಿಜ ಲೋಕವನ್ನು ನೇರವಾಗಿ ನೋಡುತ್ತೇವೆ, ಅದರ ಮೇಲೆ ಬೆಳಕಿನ ಚಿತ್ರಗಳು ಮೂಡುತ್ತವೆ. ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಮತ್ತು ಮ್ಯಾಜಿಕ್ ಲೀಪ್ ಈ ಬಗೆಯವು. ಎರಡನೆಯದರಲ್ಲಿ ಕಣ್ಣು ಪೂರ್ತಿ ಮುಚ್ಚಿರುತ್ತದೆ. ಹೊರಗಿನ ಕ್ಯಾಮೆರಾಗಳು ಕೋಣೆಯನ್ನು ಸೆರೆಹಿಡಿದು ಒಳಗಿನ ಪುಟ್ಟ ಪರದೆಗಳ ಮೇಲೆ ತೋರಿಸುತ್ತವೆ. ಆಪಲ್‌ನ ವಿಷನ್ ಪ್ರೊ, ಮೆಟಾದ ಕ್ವೆಸ್ಟ್ 3, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಕ್ಸ್‌ಆರ್ ಈ ಸಾಲಿನವು. ಇವುಗಳೊಳಗೆ ಎದುರಿಗಿರುವ ಮೇಜು, ಮಗು, ಬಾಗಿಲು ಎಲ್ಲವೂ ವಿಡಿಯೊ. ಆ ವಿಡಿಯೊ ತಡವಾದರೆ ತಲೆ ತಿರುಗುತ್ತದೆ. ವಿಷನ್ ಪ್ರೊ ಒಳಗಿನ ಆರ್1 ಚಿಪ್ ಕ್ಯಾಮೆರಾದ ಚಿತ್ರವನ್ನು 12 ಮಿಲಿಸೆಕೆಂಡಿನೊಳಗೆ ಪರದೆಗೆ ತಲುಪಿಸುತ್ತದೆ ಎಂಬುದು ಆಪಲ್ ಕೊಡುವ ಲೆಕ್ಕ. ನಾವು ತೆರುವ ದೊಡ್ಡ ಮೊತ್ತದಲ್ಲಿ ಒಂದು ಪಾಲು ಹೋಗುವುದು ಇಂಥ ಚಿಪ್, 12 ಕ್ಯಾಮೆರಾ, ಎರಡೂ ಕಣ್ಣಿಗೆ ಸೇರಿ 2.3 ಕೋಟಿ ಪಿಕ್ಸೆಲ್‌ಗಳ ಪರದೆಗಳಿಗೆ.

ಬೆಲೆಯ ಏಣಿ

ವಿಷನ್ ಪ್ರೊವನ್ನು ಆಪಲ್ 2023ರ ಜೂನ್‌ನಲ್ಲಿ ಘೋಷಿಸಿ, 2024ರ ಫೆಬ್ರವರಿ 2ರಂದು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಆರಂಭದ ಬೆಲೆ 3,499 ಡಾಲರ್. ಆಗಿನ ವಿನಿಮಯದಲ್ಲಿ ಸುಮಾರು 2.9 ಲಕ್ಷ ರೂಪಾಯಿ. 2025ರ ಅಕ್ಟೋಬರ್‌ನಲ್ಲಿ ಎಂ5 ಚಿಪ್ಪಿನ ಹೊಸ ಆವೃತ್ತಿ ಬಂದಾಗಲೂ ಬೆಲೆ ಇಳಿಯಲಿಲ್ಲ. ಅದೇ ತಿಂಗಳು ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಕ್ಸ್‌ಆರ್ ಅನ್ನು 1,799 ಡಾಲರಿಗೆ, ಅಂದರೆ ಹತ್ತಿರ ಹತ್ತಿರ ಅರ್ಧ ಬೆಲೆಗೆ ಬಿಡುಗಡೆ ಮಾಡಿತು. ಮೆಟಾದ ಕ್ವೆಸ್ಟ್ 3 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, 500 ಡಾಲರಿಗೆ. ಅದರ ಮರುವರ್ಷ ಬಂದ ಕ್ವೆಸ್ಟ್ 3ಎಸ್‌ಗೆ ಆರಂಭದಲ್ಲಿ 300 ಡಾಲರ್, ಎಂದರೆ 25,000 ರೂಪಾಯಿಯ ಆಸುಪಾಸು.

ಹೀಗೆ ಆರಂಭದ ಬೆಲೆಗಳಲ್ಲಿ ಒಂದು ವಿಷನ್ ಪ್ರೊ ಕೊಳ್ಳುವ ಹಣಕ್ಕೆ 11 ಕ್ವೆಸ್ಟ್ 3ಎಸ್ ಬರುತ್ತಿದ್ದವು. ದುಬಾರಿಯದು ಹನ್ನೊಂದು ಪಟ್ಟು ಚೆನ್ನಾಗಿದೆಯೇ? ಚಿತ್ರದ ಸೊಗಸಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕಣ್ಣಿನ ನೋಟದಿಂದಲೇ ಆಯ್ಕೆ ಮಾಡಿ, ಬೆರಳು ಚಿವುಟಿ ಒತ್ತುವ ವಿಷನ್ ಪ್ರೊದ ರೀತಿ ನಿಜಕ್ಕೂ ಮೆಚ್ಚುವಂಥದು. ಆದರೆ ಆಟ, ವ್ಯಾಯಾಮ, ಸರಳ ಪಾಠಗಳಿಗೆ ಕಡಿಮೆ ಬೆಲೆಯ ಯಂತ್ರ ಸಾಕಾಗುತ್ತದೆ. ಆಟದ ಆಯ್ಕೆಗಳಂತೂ ಅದರಲ್ಲೇ ಹೆಚ್ಚು.

ಕಣ್ಣಿಗೆ ಹಬ್ಬ, ಕತ್ತಿಗೆ ಭಾರ

ಈ ಯಂತ್ರಗಳನ್ನು ಮೊದಲ ಸಲ ಧರಿಸಿದಾಗ ಆಗುವ ಬೆರಗು ಸುಳ್ಳಲ್ಲ. ಕೋಣೆಯ ಗೋಡೆ ಸರಿದು ಪರ್ವತದ ಅಂಚಿನಲ್ಲಿ ನಿಂತಂತೆ ಆಗುತ್ತದೆ, ಸಿನಿಮಾ ಪರದೆ ಚಿತ್ರಮಂದಿರದ್ದಷ್ಟು ದೊಡ್ಡದಾಗುತ್ತದೆ. ಊರಿನಲ್ಲಿ ಕಳೆದ ಹಬ್ಬದ ವಿಡಿಯೊವನ್ನು ಆಳ ಸಹಿತವಾಗಿ ನೋಡಿದಾಗ ಅಜ್ಜಿ ಎದುರೇ ಕೂತಂತೆ ಅನಿಸುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಸಣ್ಣ ಸುಖವಲ್ಲ. ಏಕಾಂಗಿಯಾಗಿ ಬಾಡಿಗೆ ಕೋಣೆಯಲ್ಲಿರುವವರಿಗೆ, ಮೇಲಿಂದ ಮೇಲೆ ದೀರ್ಘ ವಿಮಾನಯಾನ ಮಾಡುವವರಿಗೆ ಇದು ಒಂದು ಖಾಸಗಿ ಚಿತ್ರಮಂದಿರ.

ಆದರೆ ಆ ಚಿತ್ರಮಂದಿರದಲ್ಲಿ ಕುರ್ಚಿ ಒಂದೇ. ನಮ್ಮ ಮನೆಗಳಲ್ಲಿ ಸಿನಿಮಾ, ಕ್ರಿಕೆಟ್, ಧಾರಾವಾಹಿ ಎಲ್ಲವೂ ಕೂಡಿ ನೋಡುವಂಥವು. ಒಂದು ಟಿ.ವಿ. ಕೊಂಡರೆ ಐದು ಜನ ನೋಡುತ್ತಾರೆ, ನೆರೆಮನೆಯವರೂ ಬಂದು ಕೂರುತ್ತಾರೆ. ಹೆಡ್‌ಸೆಟ್ ಧರಿಸಿದವರು ಮನೆಯಲ್ಲಿದ್ದೂ ಮನೆಯವರಿಗೆ ಸಿಗುವುದಿಲ್ಲ. ಒಬ್ಬರ ಮುಖದ ಅಳತೆಗೆ ಹೊಂದಿಸಿದ್ದು ಇನ್ನೊಬ್ಬರಿಗೆ ಸರಿಯಾಗಿ ಕೂರುವುದಿಲ್ಲ. ಕನ್ನಡಕ ಹಾಕುವವರು ವಿಷನ್ ಪ್ರೊಗೆ ತಮ್ಮ ನಂಬರಿನ ಪ್ರತ್ಯೇಕ ಲೆನ್ಸ್ ಕೊಳ್ಳಬೇಕು. ಅಮೆರಿಕದಲ್ಲಿ ಅದರ ಬೆಲೆ 149 ಡಾಲರ್. ಮೂರು ಲಕ್ಷದ ವಸ್ತುವನ್ನು ಮನೆಯವರೆಲ್ಲ ಬಳಸಲಾರರು ಎಂಬುದು ನನ್ನ ಲೆಕ್ಕದಲ್ಲಿ ಅದರ ದೊಡ್ಡ ಕೊರತೆ.

ಇನ್ನು ಭಾರ. ಮೊದಲ ವಿಷನ್ ಪ್ರೊ 600ರಿಂದ 650 ಗ್ರಾಂ ಇತ್ತು. ಹೊಸ ಪಟ್ಟಿಯೊಂದಿಗೆ ಬಂದ ಎಂ5 ಆವೃತ್ತಿ 750ರಿಂದ 800 ಗ್ರಾಂ ತೂಗುತ್ತದೆ. ಬ್ಯಾಟರಿ ಬೇರೆಯೇ, ತಂತಿಯಲ್ಲಿ ಜೋಡಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು, ಸಾಮಾನ್ಯ ಬಳಕೆಯಲ್ಲಿ ಎರಡು ಎರಡೂವರೆ ಗಂಟೆ ಬರುತ್ತದೆ. ಕ್ವೆಸ್ಟ್ 3 ತೂಕ 515 ಗ್ರಾಂ, ಗ್ಯಾಲಕ್ಸಿ ಎಕ್ಸ್‌ಆರ್ 545 ಗ್ರಾಂ. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟನ್ನು ಹಣೆಗೆ ಕಟ್ಟಿಕೊಂಡು ಕೂತರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ತೂಕ ಮುಂದಕ್ಕೆ ಜಗ್ಗುವುದರಿಂದ ಕೆನ್ನೆಯ ಮೂಳೆ, ಕತ್ತಿನ ಹಿಂಭಾಗ ದಣಿಯುತ್ತವೆ. ನಮ್ಮ ಬೇಸಿಗೆಯಲ್ಲಿ ಫ್ಯಾನಿನಡಿ ಕೂತು ಮುಖಕ್ಕೆ ಬೆಚ್ಚಗಿನ ಯಂತ್ರ ಒತ್ತಿಕೊಂಡರೆ ಬೆವರು ಗಾಜಿಗಿಳಿಯುತ್ತದೆ.

ಕಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಜೊತೆಗೇ ಕಣ್ಣಿನ ಮಸೂರ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ನಿಸರ್ಗದಲ್ಲಿ ಈ ಎರಡು ಕ್ರಿಯೆಗಳು ಸದಾ ಜೋಡಿ. ಹೆಡ್‌ಸೆಟ್‌ನಲ್ಲಿ ಚಿತ್ರ ಹತ್ತಿರ ಬಂದಂತೆ ಕಂಡು ಕಣ್ಣು ಒಳಕ್ಕೆ ತಿರುಗಿದರೂ, ಮಸೂರ ಮಾತ್ರ ಒಂದೇ ನಿಗದಿತ ದೂರಕ್ಕೆ ಹೊಂದಿಕೊಂಡಿರಬೇಕಾಗುತ್ತದೆ. ಈ ತಾಕಲಾಟದಿಂದಲೇ ಹಲವರಿಗೆ ಕಣ್ಣು ಉರಿ, ತಲೆನೋವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ತಂಡದ 11 ಸಂಶೋಧಕರು ಇಂಥ ಹೆಡ್‌ಸೆಟ್‌ಗಳನ್ನು ತಾವೇ ಧರಿಸಿ, ಜನರ ನಡುವೆ ಓಡಾಡಿ ಅನುಭವ ದಾಖಲಿಸಿದರು. ದೂರದ ಅಂದಾಜು ತಪ್ಪುತ್ತದೆ, ಹೊಟ್ಟೆ ತೊಳಸುತ್ತದೆ, ಎದುರಿಗಿರುವ ಜನ ನಿಜವಾಗಿ ಅಲ್ಲಿಲ್ಲವೇನೋ ಎಂಬ ಭಾವ ಮೂಡುತ್ತದೆ ಎಂದು ಬರೆದು, ದಿನವಿಡೀ ಬಳಸುವ ಮುನ್ನ ಎಚ್ಚರ ಬೇಕೆಂದರು. ಮಕ್ಕಳ ವಿಷಯದಲ್ಲಿ ಕಂಪನಿಗಳೇ ಗೆರೆ ಹಾಕಿವೆ. ಆಪಲ್ 13 ವರ್ಷದೊಳಗಿನವರಿಗೆ ಬೇಡ ಎನ್ನುತ್ತದೆ, ಮೆಟಾ 10 ವರ್ಷ ತುಂಬಿದವರಿಗೆ ಪೋಷಕರ ನಿಗಾದಲ್ಲಿ ಅವಕಾಶ ಕೊಡುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ತರಿಸುವ ಯೋಚನೆ ಇರುವ ಮನೆಯವರು ಇದನ್ನು ಗಮನಿಸಬೇಕು.

ಕಚೇರಿ ಕೆಲಸಕ್ಕೆ ಆಗುತ್ತದೆಯೇ?

ಐ.ಟಿ. ನೌಕರರು ಖರೀದಿಗೆ ಕೊಡುವ ಮುಖ್ಯ ಸಮರ್ಥನೆ ಇದು: ಗಾಳಿಯಲ್ಲಿ ತೇಲುವ ನಾಲ್ಕು ಪರದೆ ಇದ್ದರೆ ಮಾನಿಟರ್ ಬೇಕಿಲ್ಲ, ಎಲ್ಲಿ ಕೂತರೂ ಅದೇ ಕಚೇರಿ. ಇದನ್ನು ಅಳತೆಯಿಂದ ಪರೀಕ್ಷಿಸಬಹುದು. ಆರೋಗ್ಯವಂತ ಕಣ್ಣು ನೋಟದ ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಕ್ವೆಸ್ಟ್ 3 ಒಂದು ಡಿಗ್ರಿಗೆ 25 ಪಿಕ್ಸೆಲ್ ಕೊಡುತ್ತದೆ, ವಿಷನ್ ಪ್ರೊ ಸುಮಾರು 34. ಮೇಜಿನ ಮೇಲಿನ 27 ಇಂಚಿನ 4ಕೆ ಮಾನಿಟರ್ ಮಾಮೂಲಿ ದೂರದಿಂದ 60ನ್ನು ದಾಟುತ್ತದೆ, ಅದರ ಬೆಲೆ ವಿಷನ್ ಪ್ರೊದ ಹತ್ತನೆಯ ಒಂದು ಭಾಗದ ಆಸುಪಾಸು. ದಿನಕ್ಕೆ ಎಂಟು ಗಂಟೆ ಸಣ್ಣ ಅಕ್ಷರದ ಕೋಡ್ ಓದುವವರಿಗೆ ಈ ಅಂಕಿ ಮುಖ್ಯ. ಕನ್ನಡದಂಥ ಲಿಪಿಗೆ ಇನ್ನೂ ಮುಖ್ಯ. ಒತ್ತಕ್ಷರ, ಗುಣಿತದ ಸಣ್ಣ ಕೊಂಬುಗಳು ಮಸುಕಾದರೆ ಓದೇ ಕೆಡುತ್ತದೆ.

ಹಾಗೆಂದು ಉಪಯೋಗವೇ ಇಲ್ಲವೆಂದಲ್ಲ. ಕಾರಿನ, ಕಟ್ಟಡದ, ಯಂತ್ರದ ಮೂರು ಆಯಾಮದ ಮಾದರಿ ತಯಾರಿಸುವವರಿಗೆ ತಾವು ಬರೆದದ್ದರ ಸುತ್ತ ನಡೆದಾಡಿ ನೋಡುವುದು ಚಪ್ಪಟೆ ಪರದೆಯಲ್ಲಿ ಸಿಗದ ಲಾಭ. ಈ ಯಂತ್ರಗಳಿಗೇ ತಂತ್ರಾಂಶ ಬರೆಯುವವರಿಗೆ ಇದು ಕಸುಬಿನ ಉಪಕರಣ. ಅವರಲ್ಲಿಯೂ ಬಹುತೇಕರಿಗೆ ಯಂತ್ರವನ್ನು ಕಂಪನಿಯೇ ಕೊಡಿಸಬೇಕು. ಸ್ವಂತ ಜೇಬಿನಿಂದ ಹಾಕುವುದು ನ್ಯಾಯವಲ್ಲ.

ಅನಾಥವಾದ ಯಂತ್ರಗಳು

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ನಿರ್ಣಾಯಕವಾದದ್ದು ಈ ಭಾಗ. ಒಂದು ಒಳ್ಳೆಯ ಮಿಕ್ಸರ್, ಹೊಲಿಗೆ ಯಂತ್ರ, ಸೈಕಲ್ ಕೊಂಡರೆ ತಯಾರಿಸಿದ ಕಂಪನಿ ಮುಚ್ಚಿದರೂ ಅದು ಓಡುತ್ತದೆ. ಹೆಡ್‌ಸೆಟ್ ಹಾಗಲ್ಲ. ಅದರ ಜೀವ ಇರುವುದು ಕಂಪನಿಯ ಸರ್ವರ್, ನವೀಕರಣ, ಆ್ಯಪ್ ಅಂಗಡಿಗಳಲ್ಲಿ. ಕಳೆದ ಹತ್ತು ಹನ್ನೆರಡು ವರ್ಷದ ಇತಿಹಾಸ ತೆಗೆದು ನೋಡಿದರೆ ದುಬಾರಿ ಹೆಡ್‌ಸೆಟ್‌ಗಳ ಆಯಸ್ಸು ಎಷ್ಟೆಂದು ಗೊತ್ತಾಗುತ್ತದೆ.

ಗೂಗಲ್ ಗ್ಲಾಸ್ 2013ರಲ್ಲಿ 1,500 ಡಾಲರಿಗೆ ಆಯ್ದ ಜನರ ಕೈಗೆ ಬಂತು. 2015ರ ಜನವರಿಯಲ್ಲಿ ಆ ಮಾರಾಟ ನಿಂತಿತು. ಕಾರ್ಖಾನೆ, ಕಚೇರಿಗಳಿಗೆಂದು ಉಳಿದಿದ್ದ ಆವೃತ್ತಿಯ ಮಾರಾಟವೂ 2023ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ಮ್ಯಾಜಿಕ್ ಲೀಪ್ ತನ್ನ ಮೊದಲ ಯಂತ್ರವನ್ನು 2018ರಲ್ಲಿ 2,295 ಡಾಲರಿಗೆ ಮಾರಿತ್ತು. 2024ರ ಡಿಸೆಂಬರ್ 31ಕ್ಕೆ ಅದರ ಸೇವೆಗಳನ್ನು ನಿಲ್ಲಿಸಿತು. ಆರು ವರ್ಷದ ಹಿಂದೆ ಕೊಂಡವರ ಯಂತ್ರ ಕೆಡದಿದ್ದರೂ ಕೆಲಸಕ್ಕೆ ಬಾರದಂತಾಯಿತು. ಮೈಕ್ರೋಸಾಫ್ಟ್ 2016ರಲ್ಲಿ 3,000 ಡಾಲರಿನ ಹೋಲೋಲೆನ್ಸ್, 2019ರಲ್ಲಿ 3,500 ಡಾಲರಿನ ಹೋಲೋಲೆನ್ಸ್ 2 ತಂದಿತು. 2024ರ ಅಕ್ಟೋಬರ್‌ನಲ್ಲಿ ಅದರ ತಯಾರಿಕೆ ನಿಂತ ಸುದ್ದಿ ಬಂತು. ಅದೇ ಮೈಕ್ರೋಸಾಫ್ಟಿನ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ವೇದಿಕೆಯನ್ನು ನಂಬಿ ಬೇರೆ ಬೇರೆ ಕಂಪನಿಗಳ ಹೆಡ್‌ಸೆಟ್ ಕೊಂಡವರಿಗೆ, ವಿಂಡೋಸ್ 11ರ 2024ರ ನವೀಕರಣದಲ್ಲಿ ಆ ವೇದಿಕೆಯೇ ಇಲ್ಲವಾಯಿತು. ಮೆಟಾದ ಕ್ವೆಸ್ಟ್ ಪ್ರೊ 2022ರ ಅಕ್ಟೋಬರ್‌ನಲ್ಲಿ 1,500 ಡಾಲರಿಗೆ ಬಂದು, ಐದೇ ತಿಂಗಳಲ್ಲಿ 1,000 ಡಾಲರಿಗೆ ಇಳಿದು, ಎರಡು ವರ್ಷ ಕಳೆಯುತ್ತಲೇ ಮಾರುಕಟ್ಟೆಯಿಂದ ಹೋಯಿತು.

ಇವು ಬಡ ಕಂಪನಿಗಳ ಕಥೆಯಲ್ಲ. ಮೆಟಾದ ರಿಯಾಲಿಟಿ ಲ್ಯಾಬ್ಸ್ ವಿಭಾಗ 2023ರಲ್ಲಿ ಸುಮಾರು 1,600 ಕೋಟಿ ಡಾಲರ್, 2024ರಲ್ಲಿ ಸುಮಾರು 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಅಮೆರಿಕದ ಸೈನ್ಯ 2021ರಲ್ಲಿ ಹೋಲೋಲೆನ್ಸ್ ಆಧಾರಿತ ಯುದ್ಧ ಕನ್ನಡಕಗಳಿಗಾಗಿ ಹತ್ತು ವರ್ಷಕ್ಕೆ 2,188 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತ್ತು. 2025ರಲ್ಲಿ ಆ ಕೆಲಸ ಮೈಕ್ರೋಸಾಫ್ಟಿನ ಕೈಯಿಂದ ಆ್ಯಂಡುರಿಲ್ ಎಂಬ ಕಂಪನಿಗೆ ಹೋಯಿತು. ಇಷ್ಟು ಹಣ ಸುರಿದವರೇ ದಾರಿ ಬದಲಿಸುತ್ತಿರುವಾಗ, ಸಂಬಳದ ಹಣದಲ್ಲಿ ಕೊಂಡ ಒಬ್ಬ ಗ್ರಾಹಕ ತನ್ನ ಯಂತ್ರ ಹತ್ತು ವರ್ಷ ಬಾಳುತ್ತದೆಂದು ನಂಬುವುದು ಕಷ್ಟ. ನಾಲ್ಕು ವರ್ಷ ಎಂದಿಟ್ಟುಕೊಳ್ಳುವುದೇ ವಾಸ್ತವಕ್ಕೆ ಹತ್ತಿರ.

ಒಂದು ಗಂಟೆಗೆ ಎಷ್ಟು?

ಆ ನಾಲ್ಕು ವರ್ಷದ ಮೇಲೆ ಲೆಕ್ಕ ಹಾಕೋಣ. 2.9 ಲಕ್ಷದ ಯಂತ್ರವನ್ನು ದಿನಾ ತಪ್ಪದೆ ಒಂದು ಗಂಟೆ ಬಳಸಿದರೆ ನಾಲ್ಕು ವರ್ಷಕ್ಕೆ 1,460 ಗಂಟೆ, ಗಂಟೆಗೆ ಸುಮಾರು 200 ರೂಪಾಯಿ. ಆದರೆ ಹೊಸತನ ಮಾಸಿದ ಮೇಲೆ ಮನೆಯ ಬಳಕೆ ವಾರಾಂತ್ಯಕ್ಕೆ ಇಳಿಯುವುದೇ ಹೆಚ್ಚು. ವಾರಕ್ಕೆ ಎರಡು ಗಂಟೆ ಎಂದರೆ ಗಂಟೆಗೆ ಸುಮಾರು 700 ರೂಪಾಯಿ. ಮನೆಯ ಎಲ್ಲರೂ ಚಿತ್ರಮಂದಿರಕ್ಕೆ ಹೋಗಿ ಬರುವ ಖರ್ಚಿಗೆ ಇದು ಸಮೀಪಿಸುತ್ತದೆ, ನೋಡಿದವರು ಮಾತ್ರ ಒಬ್ಬರು. ಅದೇ ಯಂತ್ರ ಒಂದು ವೈದ್ಯಕೀಯ ಕಾಲೇಜಿನಲ್ಲೋ ತರಬೇತಿ ಕೇಂದ್ರದಲ್ಲೋ ಇದ್ದು, ವರ್ಷಕ್ಕೆ 200 ದಿನ, ದಿನಕ್ಕೆ ನಾಲ್ಕು ಗಂಟೆ ಓಡಿದರೆ ಗಂಟೆಗೆ ಸುಮಾರು 90 ರೂಪಾಯಿ. ಅಲ್ಲಿ ಒಂದೊಂದು ಗಂಟೆಯಲ್ಲೂ ಬೇರೆ ಬೇರೆ ವಿದ್ಯಾರ್ಥಿಗಳು ಕಲಿಯುತ್ತಾರೆ. ಯಂತ್ರ ಬದಲಾಗಲಿಲ್ಲ, ಅದು ಯಾರ ಬಳಿ ಇದೆ ಎಂಬುದು ಬದಲಾಯಿತು, ಬೆಲೆಯ ಅರ್ಥವೂ ಬದಲಾಯಿತು.

ಭಾರತದಲ್ಲಿ ಕೊಳ್ಳುವವರಿಗೆ ಇನ್ನೂ ಕೆಲವು ಖರ್ಚುಗಳಿವೆ. ವಿಷನ್ ಪ್ರೊ ಮೊದಲು ಮಾರಾಟವಾದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. 2024ರ ಜೂನ್–ಜುಲೈನಲ್ಲಿ ಚೀನಾ, ಜಪಾನ್, ಸಿಂಗಪುರ, ಬ್ರಿಟನ್ ಮೊದಲಾದವು ಸೇರಿದಾಗಲೂ ಇರಲಿಲ್ಲ. ಆದ್ದರಿಂದ ಇಲ್ಲಿಗೆ ಬಂದವು ಬಹುಪಾಲು ಸಂಬಂಧಿಕರ ಸೂಟ್‌ಕೇಸಿನಲ್ಲಿ ಇಲ್ಲವೇ ಗ್ರೇ ಮಾರ್ಕೆಟ್ಟಿನ ಅಂಗಡಿಗಳ ಮೂಲಕ. ಸೂಟ್‌ಕೇಸಿನಲ್ಲಿ ತಂದರೂ ವಿನಾಯಿತಿ ಮಿತಿ ದಾಟಿದ ಬೆಲೆಗೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕು. ಕೊಳ್ಳುವವರು ಈ ಮೊತ್ತವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ದುರಸ್ತಿ ಇನ್ನೂ ಭಾರ. ಬಿಡುಗಡೆಯ ಹೊತ್ತಿಗೆ ಆಪಲ್ ಪ್ರಕಟಿಸಿದ ದರದಂತೆ ವಿಮೆಯಿಲ್ಲದೆ ಮುಂಭಾಗದ ಗಾಜು ಬದಲಿಸಲು 799 ಡಾಲರ್, ಬೇರೆ ಹಾನಿಗೆ 2,399 ಡಾಲರ್. ಅಂದರೆ ಒಂದು ಸಲ ಕೈಜಾರಿದರೆ 66,000 ರೂಪಾಯಿಯಿಂದ ಎರಡು ಲಕ್ಷದವರೆಗೆ. ಅದೂ ಯಂತ್ರವನ್ನು ಮಾರಿದ ದೇಶಕ್ಕೆ ಕಳಿಸುವ ಗೋಳು ಸೇರಿಸದೆ.

ಬೆಲೆ ತೀರಿಸುವ ಜಾಗಗಳು

ಇಷ್ಟೆಲ್ಲ ಹೇಳಿದ ಮೇಲೂ ಮಿಶ್ರ ವಾಸ್ತವವೇ ವ್ಯರ್ಥ ಎಂದು ತೀರ್ಪು ಕೊಡುವುದು ತಪ್ಪಾಗುತ್ತದೆ. ಕೆಲವು ಕೆಲಸಗಳಲ್ಲಿ ಇದಕ್ಕೆ ಸರಿಸಾಟಿ ಇಲ್ಲ. 2020ರ ಜೂನ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯರು ಆಗ್‌ಮೆಡಿಕ್ಸ್ ಕಂಪನಿಯ ಹೆಡ್‌ಸೆಟ್ ಧರಿಸಿ ರೋಗಿಯ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿದರು. ಚರ್ಮದಡಿಯ ಮೂಳೆಯ ಚಿತ್ರ ರೋಗಿಯ ಮೈಮೇಲೇ ಸರಿಯಾದ ಜಾಗದಲ್ಲಿ ಮೂಡುತ್ತಿದ್ದರಿಂದ, ಪದೇ ಪದೇ ಪಕ್ಕದ ಪರದೆಯತ್ತ ಕತ್ತು ತಿರುಗಿಸಬೇಕಾಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಆಸ್ಪತ್ರೆಯಲ್ಲಿ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಗೆ ವಿಷನ್ ಪ್ರೊ ಬಳಸುವ ಪ್ರಯೋಗ ನಡೆಯಿತು. ಆಸ್ಪತ್ರೆಯ ಉಪಕರಣಗಳ ಬೆಲೆಗೆ ಹೋಲಿಸಿದರೆ ಮೂರು ಲಕ್ಷ ದೊಡ್ಡ ಮೊತ್ತವಲ್ಲ. ಓಹಾಯೊದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಹೋಲೋಲೆನ್ಸ್‌ನಲ್ಲಿ ಅಂಗರಚನೆಯ ಪಾಠ ಕಟ್ಟಿತು. ಲಾಕ್‌ಹೀಡ್ ಮಾರ್ಟಿನ್ ಕಂಪನಿ ನಾಸಾದ ಒರಾಯನ್ ಗಗನನೌಕೆಯ ಜೋಡಣೆಯಲ್ಲಿ ಅದೇ ಯಂತ್ರವನ್ನು ಬಳಸಿತು; ಕೆಲಸಗಾರರಿಗೆ ಯಾವ ಬೋಲ್ಟ್ ಎಲ್ಲಿಗೆ ಎಂಬುದು ಕಣ್ಣೆದುರೇ ಮೂಡುತ್ತಿತ್ತು.

ಶಸ್ತ್ರಚಿಕಿತ್ಸೆ, ಜೋಡಣೆಯ ಉದಾಹರಣೆಗಳಲ್ಲಿ ಮೂರು ಸಾಮಾನ್ಯ ಅಂಶಗಳಿವೆ. ಎರಡೂ ಕೈ ಕೆಲಸದಲ್ಲಿ ತೊಡಗಿರುತ್ತವೆ. ತಪ್ಪಾದರೆ ನಷ್ಟ ದೊಡ್ಡದು. ಒಂದು ಸಲಕ್ಕೆ ಬಳಕೆ ಸೀಮಿತ ಹೊತ್ತಿನದು. ಇಡೀ ದಿನ ಅಲ್ಲ. ಈ ಮೂರೂ ಕೂಡಿದ ಜಾಗದಲ್ಲಿ ದುಬಾರಿ ಹೆಡ್‌ಸೆಟ್ ದುಬಾರಿಯಾಗಿ ಉಳಿಯುವುದಿಲ್ಲ. ಪುಣೆಯ ಸುತ್ತಮುತ್ತ ಚಾಕಣ್, ಪಿಂಪ್ರಿಗಳ ವಾಹನ ಕಾರ್ಖಾನೆಗಳಿಗೂ, ಬೆಳಗಾವಿ, ಹುಬ್ಬಳ್ಳಿಯ ಕೈಗಾರಿಕೆಗಳಿಗೂ ಈ ಅಳತೆಗೋಲು ಹೊಂದುತ್ತದೆ. ಐ.ಟಿ.ಐ. ಓದುವ ಹುಡುಗ ನಿಜವಾದ ವೆಲ್ಡಿಂಗ್ ಗನ್ ಹಿಡಿಯುವ ಮುನ್ನ ಹೆಡ್‌ಸೆಟ್‌ನಲ್ಲಿ ನೂರು ಸಲ ಅಭ್ಯಾಸ ಮಾಡಿದರೆ ರಾಡ್ ಉಳಿಯುತ್ತದೆ, ಕಣ್ಣು, ಕೈ ಉಳಿಯುತ್ತವೆ.

ಯೆರವಡಾದಿಂದ ಹುಣಸಗಿಗೆ

ಹೆಡ್‌ಸೆಟ್ ಬೆಲೆ ತೀರಿಸುವ ಇನ್ನೊಂದು ಜಾಗ ಶಾಲೆ. ಅದಕ್ಕೆ ಬೇಕಾದ ಪಾಠದ ವಸ್ತು ಯೆರವಡಾದಲ್ಲೇ ಇದೆ. ಯೆರವಡಾದ ಇನ್ನೊಂದು ಗುರುತು ಡೆಕ್ಕನ್ ಕಾಲೇಜು. 1821ರಲ್ಲಿ ಪುಣೆಯಲ್ಲಿ ಆರಂಭವಾದ ಪಾಠಶಾಲೆಯಿಂದ ಬೆಳೆದ ಈ ಸಂಸ್ಥೆ, 1939ರಿಂದ ಭಾಷಾಶಾಸ್ತ್ರ, ಪುರಾತತ್ವಗಳ ಉನ್ನತ ಸಂಶೋಧನೆಯ ಕೇಂದ್ರವಾಯಿತು. ಕರ್ನಾಟಕದ ಪ್ರಾಗಿತಿಹಾಸ ಈ ಸಂಸ್ಥೆಗೆ ಬಹಳ ಋಣಿ. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದ ಎಂ.ಎಸ್. ನಾಗರಾಜರಾವ್ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಶಿಲಾಯುಗದ ಬೆಟ್ಟವಾಸಿಗಳನ್ನು ಕುರಿತು ಸಂಶೋಧನೆ ನಡೆಸಿದ್ದು ಇಲ್ಲಿನ ನಂಟಿನಲ್ಲೇ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಟ್ಟಲೆ ನಡೆದಾಡಿ ಆದಿಮಾನವನ ನೆಲೆಗಳನ್ನು ಗುರುತಿಸಿದರು. 1990ರ ದಶಕದ ಕೊನೆಗೆ ಇಸಾಂಪುರದಲ್ಲಿ ಅವರು ಅಗೆದು ತೆಗೆದದ್ದು ಸುಣ್ಣಕಲ್ಲಿನ ಚಪ್ಪಡಿಗಳಿಂದ ಕೈಗೊಡಲಿ ಮಾಡುತ್ತಿದ್ದ ಒಂದು ಇಡೀ ಕಾರ್ಯಾಗಾರವನ್ನು. ಅದು ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಒಂದು ಕಾಲನಿರ್ಣಯ ಹೇಳುತ್ತದೆ.

ಹುಣಸಗಿಯ ಶಾಲೆಯ ಮಗುವಿಗೆ ತನ್ನೂರಿನ ಮಣ್ಣಿನಲ್ಲಿ ಇಷ್ಟು ಹಳೆಯ ಕುಶಲತೆ ಇತ್ತೆಂಬುದನ್ನು ತೋರಿಸುವವರು ಯಾರು? ಆ ಕಲ್ಲುಗಳ ಅರ್ಥ ಬಲ್ಲ ಸಂಸ್ಥೆ 400 ಕಿ.ಮೀ.ಗೂ ದೂರದ ಯೆರವಡಾದಲ್ಲಿದೆ. ಮಗು ಇಲ್ಲಿಗೆ ಬರಲಾರದು. ಬಂದರೂ ಗಾಜಿನ ಪೆಟ್ಟಿಗೆಯ ಕೈಗೊಡಲಿಯನ್ನು ಮುಟ್ಟಲಾರದು. ಹೆಡ್‌ಸೆಟ್‌ನಲ್ಲಿ ಆ ಕೈಗೊಡಲಿ ಮೇಜಿನ ಮೇಲೆ ಬಂದು ಕೂರುತ್ತದೆ. ತಿರುಗಿಸಿ ನೋಡಬಹುದು, ಯಾವ ಏಟಿಗೆ ಯಾವ ಚಕ್ಕೆ ಎದ್ದಿತೆಂದು ಒಂದೊಂದೇ ಹಂತ ಕಾಣಬಹುದು, ಅದರ ಕಥೆಯನ್ನು ಕನ್ನಡದಲ್ಲಿ ಕೇಳಬಹುದು. ಇದಕ್ಕೆ ವಿಷನ್ ಪ್ರೊ ಬೇಕಿಲ್ಲ. ಐದು ಕ್ವೆಸ್ಟ್ 3ಎಸ್ ಇದ್ದರೆ, ತಲಾ ಹತ್ತು ನಿಮಿಷದಂತೆ 40 ಮಕ್ಕಳ ಒಂದು ತರಗತಿ 80 ನಿಮಿಷದಲ್ಲಿ, ಅಂದರೆ ಎರಡು ಪಿರಿಯಡ್‌ಗಳಲ್ಲಿ ನೋಡಿ ಮುಗಿಸುತ್ತದೆ. ಆರಂಭದ ಬೆಲೆಯಲ್ಲಿ ಐದಕ್ಕೂ ಸೇರಿ ಖರ್ಚು ಒಂದು ವಿಷನ್ ಪ್ರೊದ ಅರ್ಧಕ್ಕೂ ಕಡಿಮೆ. ಅದೇ ಹೆಡ್‌ಸೆಟ್‌ಗಳು ಮರುದಿನ ಪಕ್ಕದ ಊರಿನ ಶಾಲೆಗೆ ಹೋಗಬಹುದು.

ಇದು ಬರಿ ಕನಸಲ್ಲ, ಅಡಿಪಾಯ ಆಗಲೇ ಬಿದ್ದಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಭಾರತೀಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನೇ ಆಯ್ದುಕೊಂಡು ಅದರ ಸ್ಮಾರಕಗಳನ್ನು ಮೂರು ಆಯಾಮದಲ್ಲಿ ದಾಖಲಿಸುವ ಕೆಲಸಕ್ಕೆ ಕೈ ಹಾಕಿತು. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಈಗಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಆ ಕೆಲಸದಲ್ಲಿ ಪಾಲುಗೊಂಡಿತ್ತು. ಮದ್ರಾಸ್ ಐ.ಐ.ಟಿ. ಮಿಶ್ರ ವಾಸ್ತವದಂಥ ತಂತ್ರಜ್ಞಾನಕ್ಕೆಂದೇ ಒಂದು ಕೇಂದ್ರ ನಡೆಸುತ್ತಿದೆ. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಜೊತೆಗೆ ಈ ತಂತ್ರಜ್ಞಾನವನ್ನೂ ಸೇರಿಸಿ 2024–29ರ ಅವಧಿಗೆ ನೀತಿ ರೂಪಿಸಿದೆ. ತಂತ್ರಜ್ಞರಿದ್ದಾರೆ, ವಸ್ತುವಿದೆ. ಇವೆರಡನ್ನೂ ಬೆಸೆದು ಕನ್ನಡದಲ್ಲಿ ಪಾಠವಾಗಿಸುವ ಕೆಲಸ ಮಾತ್ರ ವಿರಳವಾಗಿದೆ.

ಹಾಗಾದರೆ ಕೊಳ್ಳಬೇಕೇ?

ಕೇಳಿದವರಿಗೆ ನಾನು ಕೊಡುವ ಉತ್ತರ ಹೀಗಿದೆ. ಸಿನಿಮಾ, ಫೋಟೊ, ಬೆರಗಿಗಾಗಿ ಮೂರು ಲಕ್ಷ ಹಾಕುವುದು ಬೇಡ. ಆಟ, ವ್ಯಾಯಾಮದ ಆಸೆ ನಿಜವಾಗಿದ್ದರೆ ಕಡಿಮೆ ಬೆಲೆಯ ಹೆಡ್‌ಸೆಟ್ ಸಾಕು. ಅದನ್ನೂ ಮೊದಲು ಗೆಳೆಯರಿಂದ ವಾರದ ಮಟ್ಟಿಗೆ ಪಡೆದು, ತಲೆಸುತ್ತು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ. ಬರಿ ಕುತೂಹಲವಾದರೆ ಕ್ಯಾಮೆರಾದ ನಿಜ ದೃಶ್ಯದ ಮೇಲೆ ಚಿತ್ರ ಕೂಡಿಸುವ ವರ್ಧಿತ ವಾಸ್ತವದ ಆ್ಯಪ್‌ಗಳು ಫೋನಿನಲ್ಲೇ ಇವೆ. 2023ರಲ್ಲಿ ಜಿಯೊ 1,299 ರೂಪಾಯಿಗೆ ತಂದ ಜಿಯೊಡೈವ್‌ನಂಥ, ಫೋನ್ ಸಿಕ್ಕಿಸಿ ನೋಡುವ ಸಾಧನಗಳೂ ಇವೆ. ಕೋಡ್ ಬರೆಯಲು ದೊಡ್ಡ ಪರದೆ ಬೇಕೆಂದರೆ ಒಳ್ಳೆಯ ಮಾನಿಟರ್ ಮತ್ತು ಒಳ್ಳೆಯ ಕುರ್ಚಿ ಕೊಳ್ಳಿ. ಬೆನ್ನು, ಕಣ್ಣು ಎರಡೂ ಹರಸುತ್ತವೆ. ಇನ್ನು ಈ ಕ್ಷೇತ್ರವೇ ಮುಂದಿನ ದಾರಿ ಎಂದು ನಂಬಿದವರು ಹಗುರವಾದ ಕನ್ನಡಕಗಳತ್ತ ಕಣ್ಣಿಟ್ಟಿರಲಿ. ಮೆಟಾ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ತಂದ ಪರದೆಯುಳ್ಳ ರೇ-ಬ್ಯಾನ್ ಕನ್ನಡಕ 69 ಗ್ರಾಂ ಇದೆ, ಬೆಲೆ 799 ಡಾಲರ್. ಉದ್ಯಮ ಸಾಗುತ್ತಿರುವ ದಿಕ್ಕು ಅದು. ಭಾರದ ಹೆಡ್‌ಸೆಟ್‌ಗೆ ಇಂದು ಮೂರು ಲಕ್ಷ ಹಾಕಿದವರು ಬೇಗನೆ ಹಳಬರಾಗುತ್ತಾರೆ.

ಆಸ್ಪತ್ರೆ, ಕಾರ್ಖಾನೆ, ಕಾಲೇಜು, ವಸ್ತುಸಂಗ್ರಹಾಲಯಗಳಿಗೆ ನನ್ನ ಮಾತು ಬೇರೆ. ಎರಡು ಕೈಯ ಕೆಲಸ, ದೊಡ್ಡ ತಪ್ಪಿನ ಅಪಾಯ, ಹಲವರ ಬಳಕೆ ಇವು ಕೂಡಿದಲ್ಲಿ ಧೈರ್ಯವಾಗಿ ಕೊಳ್ಳಿ. ಆದರೆ ಯಂತ್ರಕ್ಕೆ ಹಾಕಿದಷ್ಟೇ ಹಣವನ್ನು ಅದರೊಳಗಿನ ಪಾಠಕ್ಕೂ ಹಾಕಿ. ಆ ಪಾಠವನ್ನು ಒಂದೇ ಕಂಪನಿಯ ಯಂತ್ರಕ್ಕೆ ಕಟ್ಟಿಹಾಕದಂತೆ ತಯಾರಿಸಿ. ಯಂತ್ರ ನಾಲ್ಕು ವರ್ಷಕ್ಕೆ ಸಾಯುತ್ತದೆ. ಇಸಾಂಪುರದ ಕೈಗೊಡಲಿಯ ಮೂರು ಆಯಾಮದ ದಾಖಲೆ ಎಲ್ಲ ಯಂತ್ರಗಳಲ್ಲೂ ತೆರೆಯುವಂತಿದ್ದರೆ ಅದು ಮುಂದಿನ ಹೆಡ್‌ಸೆಟ್‌ಗೂ ಅದರ ಮುಂದಿನದಕ್ಕೂ ಆಗುತ್ತದೆ.

ಯೆರವಡಾದ ನಮ್ಮ ಎಂಜಿನಿಯರುಗಳಲ್ಲಿ ಮೂರು ಲಕ್ಷ ಖರ್ಚು ಮಾಡುವ ಶಕ್ತಿ, ಮನಸ್ಸು ಇರುವವರಿಗೆ ಒಂದು ಕೋರಿಕೆ. ಆ ಹಣದ ಒಂದು ಪಾಲಿನಲ್ಲಿ ಊರಿನ ಶಾಲೆಗೆ ಐದು ಸಾದಾ ಹೆಡ್‌ಸೆಟ್ ಕೊಡಿಸಿ. ವಾರಾಂತ್ಯದ ಕೆಲವು ಗಂಟೆಗಳನ್ನು ಅವುಗಳಿಗೆ ಕನ್ನಡದ ಪಾಠ ಬರೆಯಲು ಕೊಡಿ. ಇಲ್ಲಿನ ಕಟ್ಟಡಗಳಿಗೆ ಬೆವರು ಸುರಿಸಿದವರ ಮಕ್ಕಳು ಆ ಶಾಲೆಗಳಲ್ಲೇ ಓದುತ್ತಿದ್ದಾರೆ. ಈ ತಂತ್ರಜ್ಞಾನಕ್ಕೆ ನಾವು ತೆರುವ ಬೆಲೆ ಸಾರ್ಥಕವಾಗುವುದು ಅವರ ಕಲಿಕೆಯಲ್ಲಿ.